ಅಳತೆಯಲ್ಲಿ ಉಳಿಯುವ ಮೀನು

ಗಾಳಕ್ಕೆ ಸಿಕ್ಕ ದೊಡ್ಡ ಮೀನನ್ನು ಕೊಲ್ಲದೆ, ಅದರ ಉದ್ದ, ಸುತ್ತಳತೆ ಮತ್ತು ಬಣ್ಣಗಳನ್ನು ದಾಖಲಿಸಿಕೊಂಡು ಅದನ್ನು ಹೊಳೆಗೇ ಮರಳಿಸಿ, ಆ ದಾಖಲೆಯ ಆಧಾರದ ಮೇಲೆ ಫೈಬರ್‌ಗ್ಲಾಸ್‌ನಲ್ಲಿ ಅದೇ ಗಾತ್ರದ ಮೀನನ್ನು ರೂಪಿಸಿ ಗೋಡೆಗೆ ಏರಿಸುವ ಕಸುಬಿಗೆ ಪ್ರತಿಕೃತಿ ನಿರ್ಮಾಣವೆಂದು ಹೆಸರು. ಹೊರನೋಟಕ್ಕೆ ಇದು ಪಾಶ್ಚಾತ್ಯ ಹವ್ಯಾಸಿಗಳ ವಿನೋದವೆನಿಸಿದರೂ, ಬೇಟೆಯ ನೆನಪನ್ನು ಅಚ್ಚಿನ ಮೂಲಕ ಕಾಪಿಡುವ ವಿದ್ಯೆಯಲ್ಲಿ ಮೈಸೂರು ಒಂದು ಕಾಲಕ್ಕೆ ಜಗತ್ತಿನಲ್ಲೇ ಹೆಸರು ಮಾಡಿದ್ದ ಊರಾಗಿತ್ತು. ಮಹಶೀರ್ ಮೀನಿನ ಇತಿಹಾಸದಲ್ಲಂತೂ ಹೆಗ್ಗಡದೇವನಕೋಟೆ ತಾಲ್ಲೂಕನ್ನು ಹಾದುಬರುವ ಕಬಿನಿಗೆ ಬೇರಾವ ಹೊಳೆಯೂ ಸುಲಭವಾಗಿ ಕಿತ್ತುಕೊಳ್ಳಲಾಗದ ಸ್ಥಾನವಿದೆ. ಆದುದರಿಂದ ಈ ಕಸುಬಿನ ಪರಿಚಯವನ್ನು ಮೈಸೂರು ಸೀಮೆಯಿಂದ ಆರಂಭಿಸುವುದು ಉಚಿತವೇ ಆಗಿದೆ.

ಸತ್ತ ಪ್ರಾಣಿಯ ಚರ್ಮವನ್ನು ಹದಮಾಡಿ, ಒಳಗೆ ಕೃತಕ ಒಡಲನ್ನಿಟ್ಟು, ಜೀವಂತವೆಂಬಂತೆ ನಿಲ್ಲಿಸುವ ವಿದ್ಯೆಯನ್ನು ಟ್ಯಾಕ್ಸಿಡರ್ಮಿ ಎನ್ನುತ್ತಾರೆ. ಯೂಜೀನ್ ವ್ಯಾನ್ ಇಂಗೆನ್ 1900ರ ಸುಮಾರಿಗೆ ಮೈಸೂರಿನಲ್ಲಿ ಆರಂಭಿಸಿ, ಮುಂದೆ ಆತನ ಮಕ್ಕಳು ಬೆಳೆಸಿದ ‘ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್’ ಕಾರ್ಖಾನೆಯು ಮಹಾರಾಜರಿಂದ ಹಿಡಿದು ವೈಸರಾಯರವರೆಗೆ ಎಲ್ಲರ ಬೇಟೆಯನ್ನೂ ಹದಮಾಡಿ ಕೊಟ್ಟಿತು. ಹತ್ತಾರು ಸಾವಿರ ಹುಲಿ ಮತ್ತು ಚಿರತೆಗಳ ಚರ್ಮ ಅಲ್ಲಿ ಹಾದುಹೋದುದನ್ನು ನೆನೆದರೆ ಇಂದಿನ ಓದುಗರಿಗೆ ಸಂಕಟವಾಗುವುದು ಸಹಜವೇ. ಆದರೂ ಆ ಕಾರ್ಖಾನೆಯ ಕೈಚಳಕವನ್ನು ಅಲ್ಲಗಳೆಯುವಂತಿಲ್ಲ. ಒಳಗೆ ಹುಲ್ಲು ತುರುಕುವ ಹಳೆಯ ಪದ್ಧತಿಯನ್ನು ಬಿಟ್ಟು, ಪ್ರಾಣಿಯ ಗಾತ್ರಕ್ಕೆ ತಕ್ಕಂತೆ ಮೊದಲೇ ಸಿದ್ಧಪಡಿಸಿಕೊಂಡ ಅಚ್ಚುಗಳಲ್ಲಿ ಕಾಗದದ ಪದರಗಳನ್ನು ಅಂಟಿಸಿ ಹಗುರವಾದ ಟೊಳ್ಳು ಮೈಯನ್ನು ತಯಾರಿಸಿ, ಅದರ ಮೇಲೆ ಚರ್ಮವನ್ನು ಹೊದಿಸುವ ಕ್ರಮವನ್ನು ಅಲ್ಲಿ ಅನುಸರಿಸುತ್ತಿದ್ದರು. ಅಂದರೆ ಗೋಡೆಯ ಮೇಲಿನ ಹುಲಿಯಲ್ಲಿ ಹುಲಿಯದೆನ್ನಬಹುದಾದದ್ದು ಹೆಚ್ಚಾಗಿ ತೊಗಲು ಮಾತ್ರ. ಅದರ ಭಂಗಿ, ಸ್ನಾಯು, ಗಾಂಭೀರ್ಯಗಳೆಲ್ಲ ಅಚ್ಚಿನಿಂದ ಬಂದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೆಲಸ ಕುಗ್ಗುತ್ತ ಹೋಗಿ 1999ರಲ್ಲಿ ಕಾರ್ಖಾನೆ ಮುಚ್ಚಿತು.

ಹುಲಿಗೆ ಒಗ್ಗಿದ ಈ ವಿದ್ಯೆ ಮೀನಿಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಕೂದಲಿರುವ ಪ್ರಾಣಿಯ ಬಣ್ಣ ಕೂದಲಲ್ಲೇ ಉಳಿದರೆ, ಮೀನಿನ ಬಣ್ಣ ಜೀವಕ್ಕೆ ಅಂಟಿಕೊಂಡಿರುವಂಥದ್ದು. ನೀರಿನಿಂದ ಎತ್ತಿದ ಕೆಲವೇ ನಿಮಿಷಗಳಲ್ಲಿ ಮಾಸತೊಡಗಿ, ಚರ್ಮ ಒಣಗುವ ಹೊತ್ತಿಗೆ ಮಣ್ಣುಬಣ್ಣವಷ್ಟೇ ಉಳಿಯುತ್ತದೆ. ರೆಕ್ಕೆಗಳು ಸುರುಟಿ ಸೀಳುತ್ತವೆ, ಮಾಂಸಲವಾದ ತುಟಿ ಮತ್ತು ಕೆನ್ನೆಗಳು ಒಣಗಿ ಇಂಗಿಹೋಗುತ್ತವೆ, ತಲೆಯ ಎಲುಬಿನೊಳಗೆ ಉಳಿದ ಕೊಬ್ಬು ವರ್ಷಗಳ ತರುವಾಯವೂ ಹೊರಗೆ ಜಿನುಗಿ ಬಣ್ಣವನ್ನು ಹಳದಿಗಟ್ಟಿಸುತ್ತದೆ. ಹೀಗಾಗಿ ಚರ್ಮ ಹೊದಿಸಿದ ಮೀನಿಗೂ ಆದಿಯಿಂದ ಅಂತ್ಯದವರೆಗೆ ಬಣ್ಣ ಬಳಿಯದೆ ಗತ್ಯಂತರವಿಲ್ಲ. ಬಣ್ಣವೂ ಕುಂಚದ್ದು, ಒಡಲೂ ಅಚ್ಚಿನದು ಎಂದಾದ ಮೇಲೆ ಚರ್ಮವೊಂದಕ್ಕಾಗಿ ಮೀನನ್ನು ಕೊಲ್ಲುವುದೇಕೆ ಎಂಬ ಪ್ರಶ್ನೆ ಎದ್ದದ್ದು ಸಹಜವೇ ಆಗಿತ್ತು. ಪೂರ್ಣ ಪ್ರತಿಕೃತಿಯ ಕಸುಬು ಆ ಪ್ರಶ್ನೆಗೆ ದೊರೆತ ಉತ್ತರವಾಗಿದೆ.

ಪ್ರತಿಕೃತಿಯ ಮೂಲದಲ್ಲಿ ಒಂದು ತಾಯಚ್ಚು ಇರುತ್ತದೆ. ಯಾವುದೋ ಕಾರಣಕ್ಕೆ ಸತ್ತ ಮೀನನ್ನು ಮರಳಿನಲ್ಲಿ ಅರ್ಧದಷ್ಟು ಹುದುಗಿಸಿ, ಮೇಲಿನ ಅರ್ಧಕ್ಕೆ ಪ್ಲಾಸ್ಟರನ್ನೋ ಸಿಲಿಕೋನ್ ರಬ್ಬರನ್ನೋ ಸುರಿದು, ಅದು ಗಟ್ಟಿಯಾದ ಬಳಿಕ ಮಗುಚಿ ಇನ್ನೊಂದು ಬದಿಗೂ ಹಾಗೆಯೇ ಮಾಡಿದರೆ ಎರಡು ಹೋಳುಗಳ ಅಚ್ಚು ಸಿದ್ಧವಾಗುತ್ತದೆ. ಮೀನಿನ ಮೈಮೇಲಿನ ಲೋಳೆಯನ್ನು ಮೊದಲೇ ಚೆನ್ನಾಗಿ ತೊಳೆದಿರಬೇಕು. ತೊಳೆಯದೆ ಬಿಟ್ಟ ಲೋಳೆ ಹುರುಪೆಯ ಅಂಚುಗಳನ್ನು ಮುಚ್ಚಿ, ಮುಂದೆ ಆ ಅಚ್ಚಿನಿಂದ ಹುಟ್ಟುವ ಪ್ರತಿಯೊಂದು ಮೀನಿನಲ್ಲೂ ಅದೇ ಜಾಗ ಬೋಳಾಗಿ ಕಾಣುತ್ತದೆ. ಅಚ್ಚಿನ ಒಳಮೈಗೆ ಮೇಣ ಸವರಿ, ತೆಳುವಾದ ರಾಳದ ಪದರ ಹಚ್ಚಿ, ಅದರ ಮೇಲೆ ಗಾಜಿನ ನಾರಿನ ಹಾಳೆಗಳನ್ನು ಇಟ್ಟು ಮತ್ತೆ ರಾಳ ಸವರುತ್ತ, ನಡುವೆ ಗಾಳಿಯ ಗುಳ್ಳೆ ಉಳಿಯದಂತೆ ಕುಂಚದಿಂದ ತಟ್ಟುತ್ತ ಹೋಗುತ್ತಾರೆ. ಎರಡು ಹೋಳುಗಳನ್ನು ಕೂಡಿಸಿದ ಮೇಲೆ ನಡುವಿನ ಕೂಡುಗೆರೆಯನ್ನು ಉಜ್ಜಿ ಅಳಿಸುವುದು ಸುಲಭ. ಅಲ್ಲಿ ಅಳಿಸಿಹೋದ ಹುರುಪೆಗಳನ್ನು ಒಂದೊಂದಾಗಿ ಮತ್ತೆ ಕೆತ್ತುವುದೇ ಕಷ್ಟ, ಮತ್ತು ಕುಶಲಿಗೂ ಅವಸರಗಾರನಿಗೂ ಇರುವ ವ್ಯತ್ಯಾಸ ಬಯಲಾಗುವುದು ಅಲ್ಲಿಯೇ. ಆಮೇಲೆ ಗಾಜಿನ ಕಣ್ಣು ಕೂರಿಸಿ, ಬೇರೆಯಾಗಿ ಎರಕ ಹೊಯ್ದ ರೆಕ್ಕೆಗಳನ್ನು ಜೋಡಿಸಿ, ಬಿಳಿಯ ತಳಬಣ್ಣದ ಮೇಲೆ ಮುತ್ತಿನ ಹೊಳಪಿನ ಬಣ್ಣವನ್ನು ಗಾಳಿಕುಂಚದಿಂದ ತೆಳುತೆಳುವಾಗಿ ಊದುತ್ತಾರೆ. ಮಹಶೀರ್‌ನಂತಹ ದೊಡ್ಡ ಹುರುಪೆಯ ಮೀನಿಗೆ ಇಷ್ಟು ಸಾಲದು. ಅದರ ಪಕ್ಕದ ಗೆರೆಯುದ್ದಕ್ಕೂ ಎಣಿಸಿದರೆ ಮೂವತ್ತಕ್ಕೂ ಕಡಿಮೆ ಹುರುಪೆಗಳಿದ್ದು, ಪ್ರತಿಯೊಂದರ ಬುಡದಲ್ಲಿ ಕಪ್ಪು ನೆರಳು, ಅಂಚಿನಲ್ಲಿ ಚಿನ್ನದ ಮಿರುಗು ಬೇರೆಬೇರೆಯಾಗಿ ಕಾಣಬೇಕಾದುದರಿಂದ, ಬಣ್ಣಗಾರ ಸಣ್ಣ ಕುಂಚ ಹಿಡಿದು ಹುರುಪೆಯಿಂದ ಹುರುಪೆಗೆ ಸಾಗಬೇಕಾಗುತ್ತದೆ.

ತೂಕದ ವಿಷಯವನ್ನು ಇಲ್ಲಿ ಹೇಳಬೇಕು. ಮೀನನ್ನು ತಕ್ಕಡಿಗೆ ನೇತುಹಾಕಿದರೆ ಅದರ ಸ್ವಂತ ಭಾರಕ್ಕೇ ದವಡೆ ಮತ್ತು ಒಳಾಂಗಗಳಿಗೆ ಪೆಟ್ಟಾಗುವುದರಿಂದ, ಹಿಡಿದು ಬಿಡುವ ಗಾಳಗಾರರು ಅಂಗುಲಗಳಲ್ಲಿ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿ ಪೌಂಡುಗಳಲ್ಲಿ ಅಂದಾಜು ತೂಕವನ್ನು ಪಡೆಯುತ್ತಾರೆ. 60 ಅಂಗುಲ ಉದ್ದ, 40 ಅಂಗುಲ ಸುತ್ತಳತೆಯ ಮೀನು ಈ ಲೆಕ್ಕದಲ್ಲಿ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗುತ್ತದೆ.

ಉದಾಹರಣೆಗೆ ಈ ಸಂಖ್ಯೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ವ್ಯಾನ್ ಇಂಗೆನ್ ಸಹೋದರರಲ್ಲಿ ಒಬ್ಬನಾದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. 1919ರಲ್ಲಿ ಕಾವೇರಿಯಲ್ಲಿ ರಿವೆಟ್ ಕಾರ್ನಾಕ್ ಹಿಡಿದಿದ್ದ 119 ಪೌಂಡಿನ ಮೀನನ್ನು ಅದು ಒಂದೇ ಪೌಂಡಿನಿಂದ ಹಿಂದೆ ಹಾಕಿತು. ಮೈಸೂರು ಸೀಮೆಯ ಈ ದೈತ್ಯ ಮೀನು ಹಿಮಾಲಯದ ಚಿನ್ನದ ಮಹಶೀರ್‌ಗಿಂತ ಬೇರೆಯದು: ತಲೆಯ ಹಿಂದೆಯೇ ಏಳುವ ಡುಬ್ಬ ಮತ್ತು ಕಿತ್ತಳೆ ಬಣ್ಣದ ರೆಕ್ಕೆಗಳು ಇದರ ಗುರುತು. ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಮೀನು ನೂರಾರು ಗಾಳಗಾರರ ಕೈಗೆ ಸಿಕ್ಕಿಯೂ ಶಾಸ್ತ್ರೀಯ ಹೆಸರಿಲ್ಲದೆ ಉಳಿದಿತ್ತು. ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿಸಲಾಗಿದ್ದ ‘ಟಾರ್ ರೇಮಾದೇವಿ’ ಪ್ರಭೇದವೇ ಇದು ಎಂದು ಸ್ಥಿರಪಟ್ಟದ್ದು 2018ರಲ್ಲಿ, ಮತ್ತು ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹೆಸರು ಖಚಿತವಾಗುವ ಹೊತ್ತಿಗೆ ಮೀನೇ ಅಪರೂಪವಾಗಿತ್ತೆಂಬುದು ನೋವಿನ ಸಂಗತಿ.

ಇದಕ್ಕೆ ಕಾರಣಗಳು ಹಲವು. ಅಣೆಕಟ್ಟೆಗಳು ಹೊಳೆಯ ಹರಿವನ್ನು ತಡೆದವು; 1974ರಲ್ಲಿ ಮುಗಿದ ಬೀಚನಹಳ್ಳಿಯ ಕಬಿನಿ ಜಲಾಶಯವು ಕಾಡಾನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾಗಿದ್ದ ಕಾಕನಕೋಟೆಯ ನೆಲವನ್ನು ಮುಳುಗಿಸಿದಂತೆಯೇ, ಓಡುವ ನೀರಿನಲ್ಲಿ ಬಾಳುವ ಈ ಮೀನಿಗೆ ನಿಂತ ನೀರನ್ನು ಕೊಟ್ಟಿತು. ಮರಳು ಬಗೆದದ್ದು, ಸಿಡಿಮದ್ದು ಹಾಕಿ ಹಿಡಿದದ್ದು ಇದಕ್ಕೆ ಕೂಡಿದವು. ಇವೆಲ್ಲಕ್ಕಿಂತ ವಿಷಾದಕರವಾದುದು ಒಳ್ಳೆಯ ಮನಸ್ಸಿನಿಂದಲೇ ನಡೆದ ಒಂದು ತಪ್ಪು: ಮಹಶೀರ್ ಸಂತತಿ ಹೆಚ್ಚಲೆಂದು ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಬೇರೊಂದು ಪ್ರಭೇದದ ಮರಿಗಳನ್ನು ತಂದು ಕಾವೇರಿಗೆ ಬಿಡಲಾಯಿತು, ಅವು ಹಬ್ಬಿದಂತೆ ಕಿತ್ತಳೆ ರೆಕ್ಕೆಯ ಮೂಲನಿವಾಸಿ ಹಿಂದೆ ಸರಿಯಿತು.

ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರಗಳಿಗೆ ಸಮೀಪದ ರಾಮನಾಥಪುರದಲ್ಲಿ ಕಾವೇರಿಯ ಮಹಶೀರ್‌ಗಳನ್ನು ದೇವರ ಮೀನೆಂದು ಕಾಪಾಡಿಕೊಂಡು ಬಂದಿರುವ ಜನ, ಪ್ರತಿಕೃತಿಯೆಂಬ ಮಾತನ್ನು ಕೇಳದೆಯೇ ಅದರ ಮೊದಲ ತತ್ತ್ವವನ್ನು ಬಲ್ಲವರು: ಮೀನನ್ನು ಕಣ್ತುಂಬ ನೋಡಿ ಸಂತೋಷಪಡುವುದಕ್ಕೆ ಅದನ್ನು ನೀರಿನಿಂದ ಹೊರಗೆ ತೆಗೆಯಬೇಕಾಗಿಲ್ಲ. ರಕ್ಷಿತ ಅರಣ್ಯಗಳಲ್ಲಿ ಗಾಳಕ್ಕೆ ಇಂದು ಅವಕಾಶವಿಲ್ಲ. ಕಾವೇರಿ ವನ್ಯಧಾಮದ ಹೆಸರಾಂತ ಗಾಳದ ಶಿಬಿರಗಳೂ ನಿಂತುಹೋಗಿವೆ. ಆದುದರಿಂದ ಈ ಸೀಮೆಯಲ್ಲಿ ಡುಬ್ಬದ ಮಹಶೀರ್‌ನ ಪ್ರತಿಕೃತಿ ಆಗುವುದಾದರೆ ಅದಕ್ಕೆ ಯೋಗ್ಯವಾದ ಜಾಗ ಗಾಳಗಾರನ ಹಜಾರದ ಗೋಡೆಯಲ್ಲ, ಶಾಲೆ ಮತ್ತು ವಸ್ತುಸಂಗ್ರಹಾಲಯಗಳ ಗೋಡೆ. ಚಿನ್ನದ ಮಹಶೀರ್‌ನ ಅಚ್ಚಿನಲ್ಲಿ ಎರಕ ಹೊಯ್ದು ರೆಕ್ಕೆಗೆ ಕಿತ್ತಳೆ ಬಳಿದರೆ ಕಬಿನಿಯ ಮೀನಾಗದೆಂಬುದನ್ನು ಮಾಡಿಸುವವರು ಮರೆಯಬಾರದು, ಏಕೆಂದರೆ ಡುಬ್ಬವಿಲ್ಲದ ಆ ಪ್ರತಿಕೃತಿ ನೋಡುವ ಮಕ್ಕಳಿಗೆ ಸುಳ್ಳನ್ನೇ ಕಲಿಸುತ್ತದೆ.

ಸಂಶೋಧನೆಗಾಗಿ ಅನುಮತಿ ಪಡೆದು ಡುಬ್ಬದ ಮಹಶೀರ್‌ ಅನ್ನು ಹಿಡಿಯುವವರು ಹಿಂದಿನ ಗಾಳಗಾರರಂತೆ ರಾಗಿಮುದ್ದೆಯನ್ನೇ ಎರೆಯಾಗಿ ಹಾಕಿ, ಹರಿಗೋಲಿನಲ್ಲೇ ಕಾದಿದ್ದರೂ, ಮೀನು ಸಿಕ್ಕಿದ ಮೇಲಿನ ಕೆಲಸವೆಲ್ಲ ಬೇರೆ. ಒದ್ದೆಗೈಯಿಂದ ನೀರಿನಲ್ಲೇ ಅದನ್ನು ಆತು ಹಿಡಿದು, ಮೂತಿಯಿಂದ ಬಾಲದ ಕವಲಿನವರೆಗೆ ಒಂದು ಅಳತೆ, ಡುಬ್ಬದ ಮೇಲಿಂದ ಹೊಟ್ಟೆಯ ಸುತ್ತ ಒಂದು ಅಳತೆ, ಬಾಲದ ಬುಡದಲ್ಲಿ ಇನ್ನೊಂದು ಅಳತೆ ತೆಗೆದು, ಮೈ ಇನ್ನೂ ಒದ್ದೆಯಾಗಿರುವಾಗಲೇ ಎರಡೂ ಪಕ್ಕದ ಚಿತ್ರಗಳನ್ನು ಹಿಡಿದು, ತಲೆಯನ್ನು ಹರಿವಿಗೆ ಎದುರಾಗಿಟ್ಟುಕೊಂಡು, ಕಿವಿರುಗಳು ಸಮನಾಗಿ ಉಸಿರಾಡತೊಡಗಿ ಬಾಲ ತಾನಾಗಿ ಕೈಯನ್ನು ಒದೆಯುವವರೆಗೆ ಕಾಯಬೇಕು.