ಪಿಕಪ್ ಗಾಡಿಯನ್ನು ಎತ್ತರಿಸುವ ಮುನ್ನ

2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬೀದಿಗಳು ಹೊಳೆಯಾದುದನ್ನು ಕಂಡವರಿಗೆ, ಹೋಟೆಲಿಗೆ ತರಕಾರಿ ತರುವ ಪಿಕಪ್ ಗಾಡಿಯನ್ನು ಎತ್ತರಿಸುವ ಆಸೆ ಹುಟ್ಟುವುದು ಸಹಜ. ಬಾಡಿ ಲಿಫ್ಟಿನಲ್ಲಿ ಚಾಸಿಗೂ ಬಾಡಿಗೂ ನಡುವೆ ಗಟ್ಟಿ ಬಿಲ್ಲೆಗಳನ್ನಿಡುತ್ತಾರೆ. ವೆಚ್ಚವೇನೋ ಕಡಿಮೆ, ಆದರೆ ಚಾಸಿಗೆ ಕೂಡಿಸಿದ ಎಂಜಿನ್ನು ಇದ್ದಲ್ಲಿಯೇ ಇರುವುದರಿಂದ ನೀರಿನ ಭಯ ತಪ್ಪದು. ತೋರಿಕೆಯ ಎತ್ತರವೆನ್ನೋಣ! ಸಸ್ಪೆನ್ಷನ್ ಲಿಫ್ಟು ಸ್ಪ್ರಿಂಗುಗಳ ಮಟ್ಟವನ್ನು ಹೆಚ್ಚಿಸಿ ಚಾಸಿಯನ್ನೇ ಮೇಲೆತ್ತುತ್ತದೆ. ಎರಡರಲ್ಲಿ ಇದೇ ಮೇಲು. ಆದರೂ ಹೊರೆ ಹೊತ್ತ ಗಾಡಿ ತಿರುವಿನಲ್ಲಿ ಮಗುಚುವ ಅಪಾಯ ಬೆಳೆಯುತ್ತದೆ.

ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ದೃಢಪಡಿಸಿತು. ಅಪಘಾತವಾದಲ್ಲಿ ವಿಮೆಯವರೂ ತಕರಾರೆತ್ತಬಹುದು. ಸಾಲದ ಕಂತು ಕಟ್ಟುವ ನಮ್ಮಂಥವರಿಗೆ ಅದು ಸಣ್ಣ ಪೆಟ್ಟಲ್ಲ. ಕಾರ್ಖಾನೆಯಿಂದಲೇ ಎತ್ತರವಾಗಿ ಬಂದ ಗಾಡಿಯನ್ನು ಕೊಳ್ಳುವುದು ಲೇಸೆಂದು ನಮಗೆ ತೋರುತ್ತದೆ. ಜಡಿಮಳೆಯ ದಿನ ಮಲಕ್‌ಪೇಟೆಯ ರೈಲು ಸೇತುವೆಯಡಿ ನುಗ್ಗದೆ ಸುತ್ತುದಾರಿ ಹಿಡಿಯುವುದು ಇನ್ನೂ ಅಗ್ಗ.