ವೇಡರನ ಎರಡು ಕೆನ್ನೆಗಳು

1977ರ ‘ಸ್ಟಾರ್ ವಾರ್ಸ್’ ಚಿತ್ರದ ಖಳನಾಯಕ ಡಾರ್ತ್ ವೇಡರನ ಮುಖವಾಡವನ್ನು ನೇರ ಎದುರಿನಿಂದ ನೋಡಿದರೆ ಎಡಗೆನ್ನೆಗೂ ಬಲಗೆನ್ನೆಗೂ ತಾಳೆಯಾಗುವುದಿಲ್ಲ. ರಾಲ್ಫ್ ಮೆಕ್ವಾರಿ ಬರೆದ ಚಿತ್ರಗಳನ್ನು ಆಧರಿಸಿ ಶಿಲ್ಪಿ ಬ್ರಯಾನ್ ಮ್ಯೂರ್ ಅದನ್ನು ಜೇಡಿಮಣ್ಣಿನಲ್ಲಿ ಕೈಯಾರೆ ರೂಪಿಸಿದರು. ಮಣ್ಣಿನಿಂದ ಅಚ್ಚು, ಅಚ್ಚಿನಿಂದ ಫೈಬರ್‌ಗ್ಲಾಸ್. ಕಣ್ಣಳತೆಯಲ್ಲಿ ಉಳಿದ ಓರೆಕೋರೆಗಳು ಹಾಗೆಯೇ ತೆರೆಯ ಮೇಲೆ ಬಂದವು. ಪ್ರತಿಕೃತಿಗಳನ್ನು ಪರೀಕ್ಷಿಸುವವರು ಮೊದಲು ಹುಡುಕುವುದು ಈ ಓರೆಯನ್ನೇ. ಎರಡು ಬದಿಯೂ ಕನ್ನಡಿಯ ಬಿಂಬದಂತಿದ್ದರೆ ಅದು ಆ ಅಚ್ಚಿನ ಸಂತತಿಯಲ್ಲ.

ಆದರೆ 2005ರ ‘ರಿವೆಂಜ್ ಆಫ್ ದ ಸಿತ್’ ಚಿತ್ರಕ್ಕಾಗಿ ಇದೇ ಮುಖವಾಡವನ್ನು ಕಂಪ್ಯೂಟರಿನ ನೆರವಿನಿಂದ ಸಮರೂಪಗೊಳಿಸಲಾಯಿತು. ಅದರ ಪ್ರತಿಕೃತಿಯಲ್ಲಿ ಓರೆ ಕಂಡರೆ ಅದೇ ತಪ್ಪು! ಹೀಗಾಗಿ ‘ನಿಖರವಾಗಿದೆಯೇ’ ಎಂದು ಕೇಳುವ ಮೊದಲು ‘ಯಾವ ಚಿತ್ರದ, ಯಾವ ಹೆಲ್ಮೆಟ್ಟಿಗೆ’ ಎಂದು ಕೇಳಬೇಕು. ಬಣ್ಣದ ವಿಷಯವೂ ಹೀಗೆಯೇ. ವೇಡರ್ ಎಂದರೆ ಅಪ್ಪಟ ಕಪ್ಪು ಎಂಬುದು ಜನರ ನೆನಪು. 1977ರ ಮುಖವಾಡದಲ್ಲಿ ಕಪ್ಪಿನ ಪಕ್ಕದಲ್ಲೇ ಬಂದೂಕಿನ ಲೋಹದಂಥ ಬೂದುಬಣ್ಣದ ಪಟ್ಟಿಗಳಿದ್ದವು.

ಬಿಳಿ ಕವಚದ ಸ್ಟಾರ್ಮ್‌ಟ್ರೂಪರ್ ಸೈನಿಕರ ಹೆಲ್ಮೆಟ್ಟುಗಳದು ಇನ್ನೂ ಸ್ವಾರಸ್ಯದ ಕಥೆ. ಲಂಡನ್ ಸಮೀಪದ ಎಲ್ಸ್‌ಟ್ರೀ ಸ್ಟುಡಿಯೊದಲ್ಲಿ ನಡೆದ ಚಿತ್ರೀಕರಣಕ್ಕೆ ಆಂಡ್ರ್ಯೂ ಐನ್ಸ್‌ವರ್ತ್ ಇವನ್ನು ತಯಾರಿಸಿದರು. ಬಿಸಿಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ನಿರ್ವಾತದಿಂದ ಎಳೆದು ಕೂರಿಸುವ ವಿಧಾನ ಅದು. ಗುಂಪಿನ ದೃಶ್ಯಗಳ ‘ಸ್ಟಂಟ್’ ಹೆಲ್ಮೆಟ್ಟುಗಳಿಗೆ ಬಳಸಿದ್ದು ಮಾಸಲು ಬಣ್ಣದ ಪಾಲಿಎಥಿಲೀನ್. ಮೇಲೆ ಬಿಳಿ ಬಣ್ಣ ಬಳಿದರು. ಆ ಪ್ಲಾಸ್ಟಿಕ್ಕಿಗೆ ಬಣ್ಣ ಸರಿಯಾಗಿ ಅಂಟುವುದಿಲ್ಲ, ಚಕ್ಕೆಯೇಳುತ್ತದೆ. ನಟರಾದ ಹ್ಯಾರಿಸನ್ ಫೋರ್ಡ್, ಮಾರ್ಕ್ ಹ್ಯಾಮಿಲ್ ಧರಿಸಿದ ‘ಹೀರೊ’ ಹೆಲ್ಮೆಟ್ಟುಗಳು ಬಿಳಿ ಎಬಿಎಸ್ ಪ್ಲಾಸ್ಟಿಕ್ಕಿನವು, ಕಣ್ಣಿನ ಗಾಜು ಉಬ್ಬಿದ ಗುಳ್ಳೆಯಂಥದು. ಸ್ಟಂಟ್ ಹೆಲ್ಮೆಟ್ಟಿನಲ್ಲಿ ಕಣ್ಣು ಚಪ್ಪಟೆ, ಹಸಿರು. ಒಂದರ ಕಣ್ಣನ್ನು ಇನ್ನೊಂದಕ್ಕೆ ಕೂರಿಸಿದ ಪ್ರತಿಕೃತಿ ಎಷ್ಟೇ ಮಿರುಗಿದರೂ ಎರಡಕ್ಕೂ ಸಲ್ಲದು. ಕೈಯಲ್ಲಿ ಬರೆದ ಪಟ್ಟೆಗಳ ಅಂಚು ಅಲ್ಲಲ್ಲಿ ಸೊಟ್ಟಗಿರುವುದು ಮೂಲದ ಗುಣ. ಅದನ್ನು ನೇರಗೊಳಿಸಿ ಮಾರುವವರು ಅಂದಗೊಳಿಸುತ್ತಿದ್ದಾರೆ, ನಕಲು ಮಾಡುತ್ತಿಲ್ಲ.

ಅಳತೆಯೇ ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಪ್ರತಿಕೃತಿಯಿಂದ ಮತ್ತೆ ಅಚ್ಚು ತೆಗೆದು ಎರಕ ಹೊಯ್ದರೆ ರಾಳ ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ. ತಲೆಮಾರು ಕಳೆದಂತೆ ಹೆಲ್ಮೆಟ್ ಕಿರಿದಾಗಿ, ಅಂಚುಗಳು ಮೊಂಡಾಗುತ್ತವೆ. ಫೋಟೊ ನೋಡಿ ಇದನ್ನು ತೀರ್ಮಾನಿಸುವುದು ಅಪಾಯಕರ. ಹತ್ತಿರದಿಂದ ತೆಗೆದ ಮೊಬೈಲ್ ಚಿತ್ರದಲ್ಲಿ ಮೂತಿ ಉಬ್ಬಿ, ಕಿವಿಯ ಭಾಗ ಹಿಂದೆ ಸರಿದು, ಸರಿಯಾದ ಹೆಲ್ಮೆಟ್ಟೂ ವಿಕಾರವಾಗಿ ಕಾಣುತ್ತದೆ. ಮೂಲದ ಛಾಯಾಚಿತ್ರ ಯಾವ ದೂರ, ಯಾವ ಕೋನದಿಂದ ತೆಗೆದದ್ದೋ ಅಲ್ಲಿಂದಲೇ ಪ್ರತಿಕೃತಿಯನ್ನೂ ಸೆರೆಹಿಡಿದರೆ ಮಾತ್ರ ಹೋಲಿಕೆಗೆ ಬೆಲೆ.

ಐನ್ಸ್‌ವರ್ತ್ 2004ರಿಂದ ಮತ್ತೆ ಹೆಲ್ಮೆಟ್ಟುಗಳನ್ನು ಮಾರತೊಡಗಿದಾಗ ಚಿತ್ರವನ್ನು ನಿರ್ಮಿಸಿದ ಲ್ಯೂಕಾಸ್‌ಫಿಲ್ಮ್ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಹಕ್ಕುಸ್ವಾಮ್ಯ ಕಾನೂನಿನ ದೃಷ್ಟಿಯಲ್ಲಿ ಈ ಹೆಲ್ಮೆಟ್ ‘ಶಿಲ್ಪ’ವಲ್ಲ, ಚಿತ್ರತಯಾರಿಕೆಗೆ ಬೇಕಾದ ಒಂದು ಉಪಯೋಗದ ವಸ್ತು ಎಂದು ತೀರ್ಪಿತ್ತಿತು. ಆದರೂ ಅಮೆರಿಕದ ಹಕ್ಕುಸ್ವಾಮ್ಯದ ಉಲ್ಲಂಘನೆಯ ದಾವೆಯನ್ನು ಬ್ರಿಟನ್ನಿನಲ್ಲಿ ಹೂಡಬಹುದು ಎಂದಿತು. ಕಾನೂನು ಏನೇ ಹೇಳಲಿ, ಮೂಲ ತಯಾರಕರ ಹೆಸರು ಆಕಾರದ ನಿಖರತೆಗೆ ತಾನಾಗಿ ಜಾಮೀನಾಗುವುದಿಲ್ಲ. ಕೆನ್ನೆ, ಕಣ್ಣು, ಅಳತೆಗಳನ್ನು ಆಗಲೂ ಪರೀಕ್ಷಿಸಬೇಕು.

ಕೊಳ್ಳುವ ಮುನ್ನ ಮಾರಾಟಗಾರರನ್ನು ಮೂರು ಪ್ರಶ್ನೆ ಕೇಳಿ: ಯಾವ ಚಿತ್ರದ್ದು, ಸ್ಟಂಟೋ ಹೀರೊವೋ, ಅಚ್ಚು ಯಾವುದರಿಂದ ತೆಗೆದದ್ದು? ಮೂರನೆಯದಕ್ಕೆ ಉತ್ತರ ತಡವರಿಸಿದರೆ ಹಣ ಜೇಬಿನಲ್ಲೇ ಇರಲಿ.