ಮದ್ಯಮುಕ್ತಿಯ ಹಾದಿಯಲ್ಲಿ ಮೊದಲ ಸಂಜೆ

ಮನೆಯಲ್ಲಿ ಒಬ್ಬನಿಗೆ ಜ್ವರ ಬಂದರೆ ಓಣಿಯ ಜನರೆಲ್ಲ ಬಂದು ವಿಚಾರಿಸಿ ಹೋಗುತ್ತಾರೆ. ಅದೇ ಒಬ್ಬನು ಕುಡಿತಕ್ಕೆ ಬಿದ್ದನೆಂದರೆ ಮನೆಯವರೇ ಬಾಗಿಲು ಮುಚ್ಚಿಕೊಳ್ಳುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ನಮ್ಮ ತಮ್ಮನು ಕಚೇರಿಗೆ ಹೋಗದ ದಿನ ‘ಮೈಯಲ್ಲಿ ಹುಷಾರಿಲ್ಲ’ ಎಂದು ಫೋನು ಮಾಡಿದವರು ನಾವು. ಅವನ ಕೈಸಾಲ ತೀರಿಸಿದವರು ನಾವು. ಬೀಗರ ಮುಂದೆ ನೆಪ ಹೇಳಿದವರೂ ನಾವೇ. ತಾಯಿಯ ಪಾದ ಮುಟ್ಟಿ ಅವನು ಮೂರು ಬಾರಿ ಆಣೆ ಮಾಡಿದನು. ಮೂರು ಬಾರಿಯೂ ಅದು ತಿಂಗಳು ತುಂಬಲಿಲ್ಲ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಒಂದು ಮನೆಗಾದರೂ ಉಪಯೋಗವಾದೀತೆಂಬುದೇ ನಮ್ಮ ಆಸೆ.

ಕೊನೆಗೆ ವೈದ್ಯರಲ್ಲಿಗೆ ಹೋದಾಗ ಅವರು ಹೇಳಿದ ಮೊದಲ ಮಾತೇ ನಮ್ಮ ಕಣ್ಣು ತೆರೆಸಿತು. ಬಹುಕಾಲ ನಿತ್ಯವೂ ಕುಡಿದವನು ಹಠ ಹಿಡಿದು ಒಮ್ಮೆಲೇ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ಕೈನಡುಕ, ನಿದ್ದೆಗೇಡು ಅಷ್ಟೇ ಅಲ್ಲ, ಫಿಟ್ಸ್ ಮತ್ತು ಚಿತ್ತಭ್ರಮೆಯೂ ಉಂಟಾಗಬಹುದು, ಪ್ರಾಣಾಪಾಯವೂ ಉಂಟು. ಆದ್ದರಿಂದ ಬಿಡಿಸುವ ಕಾರ್ಯ ವೈದ್ಯರ ಕಣ್ಣಳತೆಯಲ್ಲಿಯೇ ಆಗಬೇಕು. ‘ಬಿಡಿಸುವುದು ನಮ್ಮ ಕೆಲಸ, ಬಿಟ್ಟ ಮೇಲೆ ಉಳಿಸಿಕೊಳ್ಳಲು ಅವರಿಗೆ ಜೊತೆ ಬೇಕು’ ಎಂದು ಹೇಳಿ ವೈದ್ಯರು ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಸಂಘದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಜನರು ಇದನ್ನು ‘ಎ.ಎ.’ ಎಂದು ಕರೆಯುತ್ತಾರೆ.

ಈ ಸಂಘದ ಹುಟ್ಟು ವಿಚಾರಾರ್ಹವಾದುದು. 1935ರಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥರು ಅಮೆರಿಕದ ಆಕ್ರನ್ ಪಟ್ಟಣಕ್ಕೆ ಹೋಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು; ವ್ಯವಹಾರ ಕೆಟ್ಟು ಮನಸ್ಸು ಮತ್ತೆ ಮದ್ಯದತ್ತ ಎಳೆಯುತ್ತಿತ್ತು. ಅವರು ಆಗ ಹುಡುಕಿದ್ದು ತಮ್ಮಂಥ ಇನ್ನೊಬ್ಬ ಕುಡುಕನನ್ನು. ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷವೆಂದು ಕುಳಿತ ಭೇಟಿ ಹಲವು ಗಂಟೆ ನಡೆಯಿತು. ಡಾ. ಬಾಬ್ ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಸಂಘದ ಸ್ಥಾಪನಾ ದಿನವೆಂದು ಎಣಿಸುತ್ತಾರೆ. ಉಪದೇಶ ಮಾಡುವವನ ಮಾತಿಗಿಂತ ಬಿದ್ದು ಎದ್ದವನ ಮಾತು ಬಿದ್ದವನಿಗೆ ಬೇಗ ತಾಗುತ್ತದೆ ಎಂಬುದೇ ಇದರ ತಿರುಳು. 2020ರಲ್ಲಿ ಪ್ರಕಟವಾದ 27 ಅಧ್ಯಯನಗಳ ಸಮೀಕ್ಷೆಯೊಂದು, ಸಂಪೂರ್ಣವಾಗಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಈ ಮಾರ್ಗವು ಇತರ ಚಿಕಿತ್ಸೆಗಳಿಗೆ ಸಮ ಅಥವಾ ಮಿಗಿಲು ಎಂದು ಕಂಡುಕೊಂಡಿತು.

ಸಭೆ ನಡೆಯುವ ಸ್ಥಳ ಚರ್ಚಿನ ಆವರಣದ ಒಂದು ಕೋಣೆಯೆಂದು ತಿಳಿದಾಗ ನಮ್ಮ ತಾಯಿಯವರು ಅಳುಕಿದರು. ಆದರೆ ಸಂಘವು ಯಾವ ಮತಕ್ಕೂ ಪಕ್ಷಕ್ಕೂ ಸೇರಿದ್ದಲ್ಲ. ಕೋಣೆ ಎಲ್ಲಿ ದೊರೆತರೆ ಅಲ್ಲಿ ಸೇರುತ್ತಾರೆ. ದೇವರನ್ನು ಅವರವರು ಅರಿತಂತೆ ನೆನೆಯಬಹುದು. ಪ್ರವೇಶಧನವಿಲ್ಲ, ಇಷ್ಟವಿದ್ದವರು ಕಾಣಿಕೆ ಹಾಕುತ್ತಾರೆ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ವ್ಯಸನಿಗಳಿಗೆ ಮಾತ್ರ ಮೀಸಲಾದ ಸಭೆಗಳೂ ಉಂಟು, ಮನೆಯವರೂ ಹೋಗಬಹುದಾದ ಮುಕ್ತ ಸಭೆಗಳೂ ಉಂಟು. ನಾವು ಮೊದಲೇ ಫೋನು ಮಾಡಿ ವಿಚಾರಿಸಿ, ಕನ್ನಡದಲ್ಲಿ ನಡೆಯುವ ಮುಕ್ತ ಸಭೆಗೆ ಹೋದೆವು.

ತಮ್ಮನು ಗೇಟಿನ ಬಳಿ ನಿಂತುಬಿಟ್ಟನು. ‘ಅಣ್ಣಾ, ಗುರುತಿನವರು ಯಾರಾದರೂ ಇದ್ದರೆ?’ ಎಂದನು. ‘ಇದ್ದರೆ ಅವರೂ ನಿನ್ನ ಕಾರಣಕ್ಕೇ ಬಂದಿರುತ್ತಾರಪ್ಪಾ’ ಎಂದೆವು. ಒಳಗೆ ಇಪ್ಪತ್ತರಷ್ಟು ಕುರ್ಚಿಗಳು, ಮೂಲೆಯಲ್ಲಿ ಚಹಾ. ಆಟೋ ಓಡಿಸುವವರೂ ಅಧಿಕಾರಿಗಳೂ ಒಂದೇ ಸಾಲಿನಲ್ಲಿದ್ದರು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ತಾವು ಮದ್ಯವ್ಯಸನಿಯೆಂದು ಒಪ್ಪಿಕೊಂಡು, ತಮ್ಮ ಕಥೆಯನ್ನು ಹೇಳಿದರು. ಯಾರೂ ನಡುವೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ಜೀವಮಾನದ ಆಣೆಯನ್ನೂ ಕೇಳಲಿಲ್ಲ. ಈ ಒಂದು ದಿನ ಕುಡಿಯದಿದ್ದರೆ ಸಾಕೆಂಬುದೇ ಅಲ್ಲಿಯ ಪಾಠ. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕೆಂಬ ನಿಯಮವಿರುವುದರಿಂದ ಅವರ ಕಥೆಗಳನ್ನು ಇಲ್ಲಿ ಬರೆಯುವಂತಿಲ್ಲ.

ತಮ್ಮನ ಸರದಿ ಬಂದಾಗ ಅವನು ತಲೆಯಾಡಿಸಿ ಸುಮ್ಮನೆ ಕುಳಿತನು. ಯಾರೂ ಒತ್ತಾಯಿಸಲಿಲ್ಲ. ಹೊರಡುವಾಗ ಹಿರಿಯರೊಬ್ಬರು ತಮ್ಮ ನಂಬರನ್ನು ಕೊಟ್ಟು, ‘ಕುಡಿಯಬೇಕೆನ್ನಿಸಿದಾಗ ಕುಡಿಯುವ ಮೊದಲು ಫೋನು ಮಾಡಿರಿ, ಕುಡಿದ ಮೇಲಲ್ಲ’ ಎಂದರು. ದಾರಿಯಲ್ಲಿ ತಮ್ಮನು ಆಡಿದ್ದು ಒಂದೇ ಮಾತು: ‘ಅವರೆಲ್ಲ ನನ್ನ ಕಥೆಯನ್ನೇ ಹೇಳಿದರಣ್ಣಾ.’

ಆ ಸಂಜೆಯಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆವು. ಎರಡನೆಯ ತಿಂಗಳಿನಲ್ಲಿ ಒಮ್ಮೆ ಜಾರಿದನು. ಆದರೆ ಈ ಬಾರಿ ಮುಚ್ಚಿಡಲಿಲ್ಲ. ಮರುದಿನವೇ ಸಭೆಗೆ ತಾನಾಗಿ ಹೋದನು. ನಾವೂ ಸುಳ್ಳು ಫೋನು ಮಾಡುವುದನ್ನು ಬಿಟ್ಟೆವು. ಮನೆಯವರಿಗಾಗಿಯೇ 1951ರಲ್ಲಿ ಆರಂಭವಾದ ‘ಅಲ್-ಅನಾನ್’ ಎಂಬ ಬೇರೆ ಸಂಘವಿದೆ. ಅವನ ಪತ್ನಿ ಅಲ್ಲಿಗೆ ಹೋಗುತ್ತಾಳೆ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ನಾಡು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಜೋಳಿಗೆಗೆ ಹಾಕಿದ್ದನ್ನು ಮರಳಿ ತೆಗೆದುಕೊಳ್ಳದಂತೆ ಕಾಯಲು ನಿತ್ಯದ ಜೊತೆ ಬೇಕು.

ಎಲ್ಲಿ ವಿಚಾರಿಸಬೇಕೆಂದು ತಿಳಿಯದವರು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಅಥವಾ ‘ಟೆಲಿ ಮಾನಸ್’ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಬಂಧುಗಳೇ, ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಬಾಗಿಲು ಮುಚ್ಚಬೇಡಿರಿ. ಗೇಟಿನವರೆಗೆ ಜೊತೆಯಲ್ಲಿ ಹೋಗಿರಿ. ಒಳಗೆ ಅವರಿಗಾಗಿ ಒಂದು ಕುರ್ಚಿ ಇರುತ್ತದೆ.